ಸಹಕಾರ ಸಂಘಕ್ಕೆ ಒಕ್ಕಣೆ ಕಣ, ಗೋದಾಮು ಬೇಕು

ಮಾನ್ಯ ಸಂಪಾದಕರೇ,

ಸಿಂಧನೂರು ತಾಲ್ಲೂಕಿನಲ್ಲಿ ಮೂರು ಎಕರೆ ಭತ್ತ ಬೆಳೆಯುವ ನನ್ನಂಥವರಿಗೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಶೂನ್ಯ ಬಡ್ಡಿ ಬೆಳೆಸಾಲ ನಿಜಕ್ಕೂ ದೊಡ್ಡ ಆಸರೆ. ಆದರೆ ಸಾಲದಿಂದ ಖರ್ಚು ತಗ್ಗುತ್ತದೆಯೇ ಹೊರತು, ಕೊಯ್ಲಿನ ವೇಳೆ ಬೆಳೆಯನ್ನು ಒಣಗಿಸಿ, ಕಾದಿಟ್ಟು, ಒಟ್ಟಾಗಿ ಮಾರುವ ಅನುಕೂಲ ಇಲ್ಲದಿದ್ದರೆ ಆದಾಯ ಹೆಚ್ಚುವುದಿಲ್ಲ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ 17 ಮೀರುವಂತಿಲ್ಲ. ಕಳೆದ ಸುಗ್ಗಿಯಲ್ಲಿ ಯಂತ್ರದಿಂದ ಕೊಯ್ದ ಹಸಿ ಭತ್ತವನ್ನು ರಸ್ತೆ ಬದಿ ತಾಡಪತ್ರಿಯ ಮೇಲೆ ಹರವಿ, ಮೋಡ ಕವಿದಾಗಲೆಲ್ಲ ಮನೆಮಂದಿಯೆಲ್ಲ ಓಡಿ ರಾಶಿ ಮಾಡಿ ಮುಚ್ಚಿ, ಐದನೆಯ ದಿನ ಕಾಯಲಾರದೆ, ಗೊಬ್ಬರವನ್ನು ಉದ್ರಿ ಕೊಟ್ಟಿದ್ದ ವ್ಯಾಪಾರಿಗೇ ಅವರು ಹೇಳಿದ ದರಕ್ಕೆ ಕೊಟ್ಟೆವು, 75 ಕೆ.ಜಿ. ಚೀಲವೊಂದಕ್ಕೆ ಎರಡು ಕೆ.ಜಿ. ಕಡಿತವನ್ನೂ ಒಪ್ಪಬೇಕಾಯಿತು.

1905ರಲ್ಲೇ ಗದಗದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು ಎಂಬುದನ್ನು ನೆನೆದಾಗ ಈ ಸ್ಥಿತಿ ಇನ್ನಷ್ಟು ನೋಯಿಸುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಪ್ರತಿ ಸಂಘಕ್ಕೂ ಸಿಮೆಂಟಿನ ಒಕ್ಕಣೆ ಕಣ, ತೇವಾಂಶ ಅಳೆಯುವ ಯಂತ್ರ, ಗೋದಾಮು ಒದಗಿಸಿ, ಅಲ್ಲಿಟ್ಟ ಭತ್ತದ ಮೇಲೆ ಅಡಮಾನ ಸಾಲ ಕೊಡುವ ವ್ಯವಸ್ಥೆಯನ್ನು ಸಹಕಾರ ಇಲಾಖೆ ಮುಂದಿನ ಕೊಯ್ಲಿಗೆ ಮೊದಲೇ ಮಾಡಬೇಕೆಂದು ವಿನಂತಿಸುತ್ತೇನೆ.

– ಭತ್ತದ ಬೆಳೆಗಾರ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ