ಒಂದೇ ಮೈಕು, ಎರಡೇ ಟ್ರ್ಯಾಕು

ಮಾನ್ಯ ಸಂಪಾದಕರೇ,

ಗ್ಯಾರೇಜ್ ರಾಕ್ (ಕಾರ್ ಶೆಡ್ಡಿನಲ್ಲಿ ಅಭ್ಯಾಸ ಮಾಡುವ ತಂಡಗಳ ಒರಟು ರಾಕ್ ಸಂಗೀತ) ಎಂದರೆ ಬರೀ ಗದ್ದಲ, ಒಳ್ಳೆಯ ಸ್ಟುಡಿಯೊಗೆ ದುಡ್ಡಿಲ್ಲದವರ ಪಾಡು ಎಂಬ ಧಾಟಿಯ ಮಾತು ಸಂಗೀತ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಪ್ಪಲಾಗದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಟಕೋಮಾ ಎಂಬ ಊರಿದೆ. ಅಲ್ಲಿನ ‘ದಿ ಸಾನಿಕ್ಸ್’ ತಂಡದ ಮೊದಲ ಆಲ್ಬಂ ‘ಹಿಯರ್ ಆರ್ ದಿ ಸಾನಿಕ್ಸ್’ ಅನ್ನು 1965ರಲ್ಲಿ ಹೊರತಂದದ್ದು ಎಟಿಕೆಟ್ ಎಂಬ ಆ ಭಾಗದ್ದೇ ಸಣ್ಣ ಕಂಪನಿ. ಹಾಡು 12, ಅದರಲ್ಲಿ ಸ್ವಂತದ್ದು ನಾಲ್ಕೇ. ಆ ನಾಲ್ಕರಲ್ಲಿರುವ ತುಂಟತನ ನೋಡಿ: ಒಂದರಲ್ಲಿ ತಂಡದ ಹಾಡುಗಾರ ಜೆರಿ ರಾಸ್ಲಿ ನೀರೂ ಬೇಡ ವೈನೂ ಬೇಡ, ಸ್ಟ್ರಿಕ್ನಿನ್ನೇ ರುಚಿ ಎಂದು ಗಂಟಲು ಹರಿಯುವಂತೆ ಕೂಗುತ್ತಾನೆ. ಸ್ಟ್ರಿಕ್ನಿನ್ ಎಂದರೆ ನಮ್ಮ ಕಾಸರಕದ ಬೀಜದಲ್ಲಿರುವ ವಿಷ!

ಸಿಯಾಟಲ್‌ನಲ್ಲಿ ಈ ಆಲ್ಬಂ ಧ್ವನಿಮುದ್ರಿಸಿದವರು ಕಿಯರ್ನಿ ಬಾರ್ಟನ್. ಎರಡೇ ಟ್ರ್ಯಾಕಿನ (ಸದ್ದನ್ನು ಬೇರೆ ಬೇರೆಯಾಗಿ ಹಿಡಿದಿಡುವ ಸಾಲು) ಟೇಪು, ಇಡೀ ಡ್ರಮ್ ಸೆಟ್ಟಿಗೆ ಒಂದೇ ಮೈಕು. ಅದೇ ರಾಜ್ಯದ ನಿರ್ವಾಣಾ ತಂಡದ ಕರ್ಟ್ ಕೋಬೇನ್ ಮುಂದೆ ಬಾಯ್ತುಂಬ ಹೊಗಳಿದ್ದು ಈ ಡ್ರಮ್ ಸದ್ದನ್ನೇ. ಒಂದು ಟ್ರ್ಯಾಕಿನಲ್ಲಿ ಬೆರೆತ ವಾದ್ಯಗಳನ್ನು ಆಮೇಲೆ ಬಿಡಿಸಲು ಬರುತ್ತಿರಲಿಲ್ಲ. ಯಾವುದು ಎಷ್ಟು ಕೇಳಬೇಕೆಂಬುದು ನುಡಿಸುವ ಹೊತ್ತಿನಲ್ಲೇ ತೀರ್ಮಾನವಾಗಬೇಕಿತ್ತು. ಬೇಜವಾಬ್ದಾರಿಯಿಂದ ಆಗುವ ಕೆಲಸವಲ್ಲ ಅದು.

ನಮ್ಮ ಹುಡುಗರು ಕಾರ್ ಶೆಡ್ಡಿನಲ್ಲೇ ಪ್ರಯತ್ನಿಸಬಹುದು. ಮೈಕನ್ನು ಡ್ರಮ್ಮರ್‌ನ ಬಲ ಭುಜದ ಮೇಲಿಂದ ಹಾಯಿಸಿ, ಸ್ನೇರ್‌ನಿಂದಲೂ (ಚಟಚಟ ಎನ್ನುವ ಚಿಕ್ಕ ಡ್ರಮ್) ಕಿಕ್‌ನಿಂದಲೂ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಸಮದೂರದಲ್ಲಿ, ಸುಮಾರು ಮೂರಡಿಗೆ ನಿಲ್ಲಿಸಿ. ಒಂದು ದಾರ ಹಿಡಿದು ಅಳೆದರೆ ಸಾಕು. ಸಿಂಬಲ್ಲೇ (ಲೋಹದ ತಟ್ಟೆ) ಎಲ್ಲವನ್ನೂ ನುಂಗುತ್ತಿದ್ದರೆ ನಾಬ್ ಮುಟ್ಟಬೇಡಿ. ಸಿಂಬಲ್ ಮೆಲ್ಲಗೆ, ಸ್ನೇರ್ ಜೋರಾಗಿ ಬಾರಿಸಲು ಹೇಳಿ, ಇಲ್ಲವೇ ಮೈಕನ್ನು ನಾಲ್ಕು ಬೆರಳು ತಗ್ಗಿಸಿ. ಕಿಕ್ ಸಾಲದೆಂದು ಎರಡನೇ ಮೈಕಿಟ್ಟಾಗ ಸದ್ದು ಇನ್ನೂ ತೆಳುವಾಯಿತೇ? ಒಂದೇ ಪೆಟ್ಟು ಎರಡೂ ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ ಕೆಳಸ್ವರಗಳು ಒಂದನ್ನೊಂದು ಅಳಿಸುತ್ತಿವೆ. ಒಂದು ಮೈಕಿನ ಫೇಸ್ (phase), ಅಂದರೆ ಅಲೆಯ ಏರಿಳಿತವನ್ನು, ತಲೆಕೆಳಗು ಮಾಡಿ ನೋಡಿ. ಬಾಸ್ ಗಿಟಾರಿನ ಆಂಪ್‌ನ (ಸದ್ದು ಹಿಗ್ಗಿಸುವ ಪೆಟ್ಟಿಗೆ) ಮುಖ ಡ್ರಮ್ಮಿನತ್ತ ಇರಬಾರದು. ಶೆಡ್ಡಿನ ರೋಲಿಂಗ್ ಶಟರ್ ಗಡಗಡ ಅನ್ನುತ್ತದೆ, ಅದಕ್ಕೊಂದು ಹಾಸಿಗೆ ಒರಗಿಸಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವವರು ತಾನಾಗಿ ಗೇನ್ (ಮೈಕು ಸದ್ದನ್ನು ಹಿಗ್ಗಿಸುವ ಮಟ್ಟ) ಏರಿಳಿಸುವ ವ್ಯವಸ್ಥೆ ಇದ್ದರೆ ಆರಿಸಿಬಿಡಿ. ಇಲ್ಲದಿದ್ದರೆ ಪ್ರತಿ ಸ್ನೇರ್ ಪೆಟ್ಟಿಗೂ ಗಿಟಾರ್ ಮುಳುಗಿ ಏಳುತ್ತದೆ.

ಹೆಚ್ಚು ತಪ್ಪಾಗುವುದು ‘ಒಡೆದ’, ಅಂದರೆ ಕರಕರ ಎನ್ನುವ, ಸದ್ದಿನ ವಿಷಯದಲ್ಲಿ. ಟೇಪು ಮಟ್ಟ ಮೀರಿದರೆ ಮೆದುವಾಗಿ ಒಡೆಯುತ್ತದೆ. ಕಂಪ್ಯೂಟರ್ ಸೊನ್ನೆ ಡೆಸಿಬೆಲ್ ದಾಟಿದರೆ ಅಲೆಯ ತಲೆಯನ್ನೇ ಕತ್ತರಿಸುತ್ತದೆ. ಆದ್ದರಿಂದ ಗಿಟಾರನ್ನು ಆಂಪ್‌ನಲ್ಲೋ ಪೆಡಲಿನಲ್ಲೋ ಒಡೆಸಿ, ರೆಕಾರ್ಡಿಂಗ್ ಮಟ್ಟವನ್ನು ಮಾತ್ರ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿಡಿ.

ಹೊಸ ತಂಡಗಳ ಆಲ್ಬಂ ವಿಮರ್ಶಿಸುವವರೂ ಆಂಪ್‌ನ ಒಡಕು, ಕಂಪ್ಯೂಟರಿನ ಒಡಕು ಎರಡನ್ನೂ ಬೇರ್ಪಡಿಸಿ ಬರೆಯಲಿ ಎಂದು ಕೋರಿಕೆ. ಗುರುತಿಸುವುದು ಕಷ್ಟವಲ್ಲ. ಆಂಪ್‌ನ ಒಡಕು ಆ ಒಂದು ವಾದ್ಯದ್ದು, ಸದ್ದು ತಗ್ಗುತ್ತ ಹೋದಂತೆ ಅದೂ ತಿಳಿಯಾಗುತ್ತದೆ. ಕಂಪ್ಯೂಟರಿನದ್ದು ಹಾಗಲ್ಲ, ಕಿಕ್ ಬಿದ್ದ ಕ್ಷಣಕ್ಕೆ ಹಾಡುಗಾರನ ದನಿಯೂ ಸೇರಿ ಎಲ್ಲವೂ ಒಟ್ಟಿಗೇ ಚಟ್ ಅನ್ನುತ್ತವೆ.

– ಓದುಗರು, ಮೈಸೂರು