ಬೇಲಿಯ ಮಾತು ಕವಿಯದ್ದಲ್ಲ

ಎಲ್ಲರಿಗೂ ನಮಸ್ಕಾರ. ನಿನ್ನೆ ಇಲ್ಲಿ ಚರ್ಚೆಯಾದ ‘ಗುಡ್ ಫೆನ್ಸಸ್ ಮೇಕ್ ಗುಡ್ ನೇಬರ್ಸ್’ ಬಗ್ಗೆ. ಬೇಲಿ ಗಟ್ಟಿಯಿದ್ದರೆ ನೆರೆಹೊರೆ ಚೆನ್ನಾಗಿರುತ್ತದೆ ಅಂತ ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಬುದ್ಧಿ ಹೇಳಿದ್ದಾರೆ ಎಂದು ಹಲವರು ಬರೆದಿದ್ದೀರಿ. 1914ರಲ್ಲಿ ಪ್ರಕಟವಾದ ಅವರ ‘ಮೆಂಡಿಂಗ್ ವಾಲ್’ (ಗೋಡೆ ರಿಪೇರಿ) ಕವಿತೆಯಲ್ಲಿ ಇಬ್ಬರು ನೆರೆಯವರು ತಮ್ಮ ಜಮೀನುಗಳ ನಡುವಿನ ಕಲ್ಲಿನ ಗೋಡೆ ಸರಿಪಡಿಸುತ್ತಾರೆ. ಆ ಮಾತು ಪಕ್ಕದ ಜಮೀನಿನವನದ್ದು. ಅಪ್ಪ ಹೇಳಿದ್ದನ್ನೇ ಎರಡು ಸಲ ಒಪ್ಪಿಸುತ್ತಾನೆ. ಕವಿತೆಯ ‘ನಾನು’ ಉರುಳಿದ ಕಲ್ಲು ಎತ್ತಿಡುತ್ತಲೇ ತಕರಾರು ತೆಗೆಯುತ್ತಾನೆ: ನನ್ನದು ಸೇಬಿನ ತೋಟ, ಅವನದು ಪೈನ್ ಮರ. ದನವೂ ಇಲ್ಲ. ನನ್ನ ಸೇಬಿನ ಮರ ಗೋಡೆ ದಾಟಿ ಹೋಗಿ ಅವನ ಪೈನ್ ಕಾಯಿ ತಿನ್ನುತ್ತದೆಯೇ?

ಆದರೆ ರಿಪೇರಿಗೆ ಪಕ್ಕದವನನ್ನು ಕರೆಯುವವನೂ ಇವನೇ! ಅದಕ್ಕೇ ‘ಬೇಲಿಯ ಮಾತು ಬರೀ ವ್ಯಂಗ್ಯ’ ಎಂದು ಕೆಲವರು ಹೇಳುವುದನ್ನೂ ನಾನು ಒಪ್ಪುವುದಿಲ್ಲ. ನಮ್ಮ ಶಿರಸಿ ಕಡೆ ಅಡಿಕೆ ತೋಟಕ್ಕೆ ದನ ನುಗ್ಗದಂತೆ ಬೇಲಿ ಬೇಕೇ ಬೇಕು, ಮಂಗಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಎರಡೂ ಕಡೆಯವರ ವಾದಕ್ಕೆ ನಮ್ಮ ತೋಟವೇ ಸಾಕ್ಷಿ.

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಗೂ ಇದಕ್ಕೂ ಸಂಬಂಧವಿಲ್ಲ, ದಯವಿಟ್ಟು ಮತ್ತೆ ಹಾಕಬೇಡಿ. ಕವಿತೆ 45 ಸಾಲು ಅಷ್ಟೇ. ಪೂರ್ತಿ ಓದಿ, ಶನಿವಾರದೊಳಗೆ ಅಭಿಪ್ರಾಯ ಬರೆಯಿರಿ. ವಾಯ್ಸ್ ಮೆಸೇಜ್ ಬೇಡ, ಘಟ್ಟದ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದವರಿದ್ದಾರೆ.