ತತ್ವಪದದ ದನಿ ಉಳಿಸಿದವರಿಗೆ

ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಬ ಮೊದಲಾದವರ ತತ್ವಪದಗಳನ್ನು, ಅಂದರೆ ಅನುಭಾವದ ಹಾಡುಗಳನ್ನು, ಕಲಬುರಗಿ ಸೀಮೆಯ ಭಜನಾ ಮೇಳಗಳಿಂದ ಹಾಡಿಸಿ, ಯಾರು ಬೇಕಾದರೂ ಉಚಿತವಾಗಿ ಕೇಳುವಂತೆ ಅಂತರಜಾಲದಲ್ಲಿ ಇಟ್ಟಿರುವ ನಮ್ಮ ಸಣ್ಣ ಸಂಗ್ರಹಕ್ಕೆ ಈ ತಿಂಗಳು ಐದು ವರ್ಷ ತುಂಬಿತು. ಸರ್ವರ್ ಬಾಡಿಗೆ ಕಟ್ಟಲಾಗದೆ ಕಳೆದ ಆಷಾಢದಲ್ಲಿ ಮುಚ್ಚುವ ಹಂತಕ್ಕೆ ಬಂದಿದ್ದ ಅದನ್ನು ಉಳಿಸಿದ 312 ಜನರಿಗೆ ಕೈಮುಗಿದು, ಅವರ ಹಣದ ಲೆಕ್ಕ ಒಪ್ಪಿಸುವುದಕ್ಕಾಗಿ ಈ ಬರಹ.

ಮನವಿ ಮಾಡಿದ ಹತ್ತೇ ದಿನಗಳಲ್ಲಿ 61,000 ರೂಪಾಯಿ ಬಂತು. ಹೆಚ್ಚಿನವು 51, 101 ರೂಪಾಯಿಯ ಕಾಣಿಕೆಗಳು. ಮನಿಯಾರ್ಡರ್ ಕಾಲದಲ್ಲಿ 20 ರೂಪಾಯಿ ಕಳಿಸಲು ಒಂದು ರೂಪಾಯಿ ಕಮಿಷನ್ ತೆತ್ತು ಅಂಚೆ ಕಚೇರಿಯಲ್ಲಿ ಸರದಿ ನಿಲ್ಲಬೇಕಿತ್ತು. ಈಗ ಯುಪಿಐಯಲ್ಲಿ ಕಳಿಸಿದ 20 ರೂಪಾಯಿ ಇಪ್ಪತ್ತಾಗಿಯೇ ಖಾತೆಗೆ ಸೇರುತ್ತದೆ. ಆಳಂದ ಕಡೆಯ ಒಬ್ಬ ಅಜ್ಜಿ ಮಾತ್ರ, ಮೊಮ್ಮಗನ ಫೋನಿನಲ್ಲಿ ತಮ್ಮೂರ ಮೇಳದ ಪದ ಕೇಳಿದ್ದವರು, “ನನ್ನ ಹಂತ್ಯಾಕ ಫೋನ್‌ಪೇ ಇಲ್ಲ ತಮ್ಮಾ, ಇದು ಒಯ್ಯಿ” ಎಂದು ಎರಡು ಸೇರು ತೊಗರಿಬೇಳೆಯನ್ನು ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಟ್ಟರು. ಅದನ್ನು ಯಾವ ಲೆಕ್ಕಕ್ಕೆ ಹಾಕುವುದೆಂದು ನಮ್ಮ ಖಜಾಂಚಿ ಎರಡು ದಿನ ತಲೆ ಕೆಡಿಸಿಕೊಂಡು, ಕಡೆಗೆ ‘ಮೇಳದ ಊಟಕ್ಕೆ’ ಎಂದು ಬರೆದರು.

ಮರುತಿಂಗಳು ಹಣ ಕಳಿಸಿದವರು 19 ಜನ. ಇದು ದೂರಲ್ಲ, ಸಂಕಟ ಕಂಡಾಗ ಕೊಡುವ ಕೈ, ಸಂಕಟ ತೀರಿದ ಮೇಲೆ ಮರೆಯುವುದು ಸಹಜ. ಜಾಹೀರಾತಿಲ್ಲದೆ, ಮುಖ್ಯವಾಗಿ ಓದುಗರ ಸಣ್ಣ ದೇಣಿಗೆಗಳಿಂದ ನಡೆಯುವ ವಿಕಿಪೀಡಿಯದವರೂ ವರ್ಷ ವರ್ಷದ ಮನವಿಯನ್ನಷ್ಟೇ ನಂಬದೆ 2016ರಲ್ಲಿ, ಅಸಲು ಉಳಿಸಿಕೊಂಡು ಅದರ ಗಳಿಕೆಯಿಂದ ಖರ್ಚು ನಡೆಸುವಂಥ ಪ್ರತ್ಯೇಕ ಮೂಲನಿಧಿ ಆರಂಭಿಸಿದರು, 2021ರ ಹೊತ್ತಿಗೆ ಅದು 10 ಕೋಟಿ ಡಾಲರ್ ಮುಟ್ಟಿತು. ಈ ಉಪಾಯ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಚಿತ್ತಾಪುರದ ಪಕ್ಕದ ನಾಗಾವಿ ಘಟಿಕಾಸ್ಥಾನಕ್ಕೆ, ಅಂದರೆ ಅಂದಿನ ವಿದ್ಯಾಕೇಂದ್ರಕ್ಕೆ, ದತ್ತಿ ಬಿಟ್ಟ 1058ರ ಶಾಸನದಲ್ಲಿ ವಿದ್ಯಾರ್ಥಿಗಳು, ಉಪಾಧ್ಯಾಯರ ಜೊತೆಗೆ ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರಿಗೂ ಜೀವನೋಪಾಯ ಗೊತ್ತುಮಾಡಿದ್ದಾರೆ. ನಮ್ಮಲ್ಲಿ ಭಂಡಾರವಿದೆ, ಭಂಡಾರಿಗನಿಗೆ ಸಂಬಳವಿಲ್ಲ. ಹಾಡಿದವರಿಗೆ ಇದುವರೆಗೆ ಒಂದು ಶಾಲಿನಾಚೆ ಏನನ್ನೂ ಕೊಡಲಾಗಿಲ್ಲವೆಂಬ ಸಂಕೋಚ ನನ್ನನ್ನು ಬಿಟ್ಟಿಲ್ಲ. ದೇಣಿಗೆ ಇಂದಿಗೆ ಯಂತ್ರದ ಬಾಡಿಗೆಯನ್ನು ತೀರಿಸುತ್ತಿದೆ, ಮನುಷ್ಯರ ದುಡಿಮೆಯನ್ನಲ್ಲ.

ವರ್ಷದ ಬಾಡಿಗೆ 38,000 ರೂಪಾಯಿ ಕಟ್ಟಿ, ಉಳಿದ 23,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದೇವೆ. ಅದರ ವರ್ಷದ ಬಡ್ಡಿ ಒಂದು ತಿಂಗಳ ಬಾಡಿಗೆಗೂ ಸಾಲದೆಂಬುದು ಗೊತ್ತು. ಆದರೆ ಆ 19 ಜನ ಈಗ 44 ಆಗಿದ್ದಾರೆ; ತಿಂಗಳಿಗೆ ಐವತ್ತರಂತೆ ಅವರಿಂದ 2,200 ರೂಪಾಯಿ ತಪ್ಪದೆ ಬರುತ್ತಿದೆ, ಬೇಕಾಗಿರುವುದು 3,167. ಆ 44 ಜನರಿಗೆ ವಿಶೇಷ ಋಣಿ. ಲೆಕ್ಕದ ಪುಸ್ತಕವನ್ನು ಯಾರು ಕೇಳಿದರೂ ತೋರಿಸುತ್ತೇವೆ, ಬೇಳೆಯ ಪುಟವೂ ಅದರಲ್ಲಿದೆ.